ಹಾವಿನ ತತ್ತಿಯ ಕಾವಲು

ಶ್ರಾವಣ ಶುದ್ಧ ಪಂಚಮಿಯೆಂದರೆ ನಮ್ಮ ಕಡೆಗೆ ಹೆಣ್ಣುಮಕ್ಕಳ ಹಬ್ಬ. ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಲ್ಲಾಗಲಿ ಆ ದಿನಗಳಲ್ಲಿ ಉಂಡಿ ಕಟ್ಟದ ಮನೆಯಿಲ್ಲ, ಜೋಕಾಲಿಯ ಮಾತು ಬಾರದ ಓಣಿಯಿಲ್ಲ. ತವರಿಗೆ ಬಂದ ಮಗಳು ತಾಯಿಯೊಡನೆ ಕುಳಿತು ಮಣ್ಣಿನ ನಾಗಪ್ಪನಿಗೆ ಹಾಲೆರೆಯುವಳು. ದೇವರ ಪಾಲು, ಗುರುಗಳ ಪಾಲು, ಅಪ್ಪನ ಪಾಲು, ಅಣ್ಣನ ಪಾಲು ಎಂದು ಮನೆಯವರೊಬ್ಬೊಬ್ಬರ ಹೆಸರು ಹೇಳುವಳು. ಆದರೆ ಅದೇ ನಾಗಪ್ಪನ ಕುಲದವನೊಬ್ಬನು ಮರುದಿನ ಹಿತ್ತಲಲ್ಲಿ ತಲೆದೋರಿದನೆಂದರೆ, ಬಡಿಗೆ ಎಲ್ಲಿ ಎಂದು ಹುಡುಕುವವರೂ ನಾವೇ. ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ಎತ್ತಿ ತೋರಿಸಿದ ಈ ವಿಪರ್ಯಾಸವನ್ನು ನಾವು ಇಂದಿಗೂ ತಿದ್ದಿಕೊಂಡಿಲ್ಲ.

ನಮ್ಮ ಮನೆಯಲ್ಲಿ ಹೋದ ವರುಷ ಈ ಸಂಗತಿಯು ಬರಿಯ ಮಾತಾಗಿ ಉಳಿಯಲಿಲ್ಲ. ಒಂದೇ ಬೇಸಗೆಯಲ್ಲಿ ಎರಡು ಕಡೆಗೆ ಹಾವಿನ ತತ್ತಿಗಳ ಹೊಣೆಯು ನಮ್ಮ ಪಾಲಿಗೆ ಬಂದಿತು: ಒಂದು ಸಾವಿರಾರು ಹರದಾರಿಯಾಚೆಯ ಅಮೇರಿಕೆಯಲ್ಲಿ, ಇನ್ನೊಂದು ಶಿರಹಟ್ಟಿಯ ಬದಿಯ ನಮ್ಮ ಹೊಲದ ಬಣವೆಯಲ್ಲಿ. ಅವೆರಡರಿಂದ ನಾವು ಕಲಿತುದನ್ನು ವಾಚಕರ, ಅದರಲ್ಲಿಯೂ ಮಕ್ಕಳೊಂದಿಗರಾದ ಗೃಹಿಣಿಯರ ಮುಂದಿಡಬೇಕೆಂದು ಈ ಲೇಖನ.

ನಮ್ಮ ಅಣ್ಣನವರ ಮಗನು ಟೆಕ್ಸಾಸ್ ಪ್ರಾಂತದಲ್ಲಿ ಉದ್ಯೋಗಸ್ಥನಾಗಿದ್ದಾನೆ. ಹೆಂಡತಿಯೂ ಮೂರು ವರುಷದ ಒಬ್ಬ ಮಗಳೂ ಅವನೊಡನಿದ್ದಾರೆ. ಹೋದ ವರುಷದ ಚಳಿಗಾಲದಲ್ಲಿ ಒಂದು ದಿನ ಅವನು ನನಗೆ ಫೋನ್ ಮಾಡಿ ಬಹಳ ಹೊತ್ತು ಅದು ಇದು ಮಾತಾಡಿ, ಕೊನೆಗೆ ಮೆಲ್ಲನೆ ವಿಷಯಕ್ಕೆ ಬಂದನು. ನಾಲ್ಕು ವರುಷಗಳಿಂದ ಅವನು ಮನೆಯಲ್ಲಿ ಎರಡು ಹಾವುಗಳನ್ನು ಸಾಕಿದ್ದನಂತೆ. ಈಗ ಅವುಗಳಿಂದ ಮೊದಲ ಸಲ ಮರಿ ಮಾಡಿಸಬೇಕೆಂದು ಅವನ ಮನಸ್ಸು.

“ಕಾಕಾ, ಅವ್ವಗ ನೀವs ತಿಳಿಸಿ ಹೇಳ್ರಿ. ನಾ ಹೇಳಿದರ ಫೋನ್ ಇಟ್ಟುಬಿಡತಾಳ,” ಎಂದನು.

ನಾನು ಹೇಳಿದೆನು. ವೈನಿಯವರು ಆ ದಿನ ಊಟ ಮಾಡಲಿಲ್ಲ. “ಕೂಸು ಆಡೂ ಮನ್ಯಾಗ ಹಾವು ಇಟಗೊಂಡು ಹ್ಯಾಂಗ ನಿದ್ದಿ ಮಾಡತಾನ ಅವ? ಸಾಲದ್ದಕ್ಕ ಮರಿ ಬ್ಯಾರೆ! ಆ ಹಾವು ಇರೂತನಾ ನಾ ಅಲ್ಲಿ ಕಾಲಿಡೂದಿಲ್ಲಂತ ಹೇಳ್ರಿ ನೀವು,” ಎಂದರು. ಮೊಮ್ಮಗಳನ್ನು ಕಾಣಲು ಬೇಸಗೆಯಲ್ಲಿ ಹೊರಡಬೇಕೆಂದು ಅವರು ಆಗಲೇ ಸಿದ್ಧತೆ ನಡೆಸಿದ್ದರು. ಅದು ಅಲ್ಲಿಗೇ ನಿಂತಿತು.

ಅವನು ಸಾಕಿದುದು ಕಿಂಗ್‌ಸ್ನೇಕ್ ಎಂಬ ಜಾತಿಯ ಹಾವು. ಹೆಸರು ಕೇಳಿ ನಮ್ಮ ಮಲೆನಾಡಿನ ಕಾಳಿಂಗಸರ್ಪವೆಂದು ಯಾರೂ ಭ್ರಮಿಸಬಾರದು. ವೈನಿಯವರು ಮೊದಲು ಹಾಗೆಯೇ ಭ್ರಮಿಸಿದ್ದರು. ಕಿಂಗ್‌ಸ್ನೇಕ್ ಅಮೇರಿಕಾ ಖಂಡದ ನಿರ್ವಿಷ ಪ್ರಾಣಿ. ಅವನಲ್ಲಿರುವ ಕ್ಯಾಲಿಫೋರ್ನಿಯಾ ತಳಿಯು ಸುಮಾರು ಮೂರು ನಾಲ್ಕು ಅಡಿ ಉದ್ದವಿದ್ದು, ಮೈಮೇಲೆ ಕಪ್ಪು ಬಿಳುಪಿನ ಪಟ್ಟೆಗಳನ್ನು ಹೊಂದಿರುವುದು. ಇಲಿ, ಓತಿ, ಹಕ್ಕಿಯ ತತ್ತಿಗಳನ್ನಲ್ಲದೆ ಬೇರೆ ಹಾವುಗಳನ್ನೂ ಅದು ನುಂಗುವುದು. ಬಾಲದಲ್ಲಿ ಗಿಲಕಿಯಿರುವ ಅಲ್ಲಿಯ ಘೋರ ವಿಷದ ಮಂಡಲ ಹಾವನ್ನೂ ಅದು ಬಿಡುವುದಿಲ್ಲ. ಆ ವಿಷವನ್ನು ತಾಳಿಕೊಳ್ಳುವ ಗುಣವು ಅದರ ರಕ್ತದಲ್ಲಿಯೇ ಇದೆ. ಹಾವುಗಳನ್ನು ತಿನ್ನುವುದರಿಂದಲೇ ಅದಕ್ಕೆ ರಾಜನೆಂಬ ಬಿರುದು. ಆ ದೇಶದಲ್ಲಿ ಇಂಥ ಹಾವುಗಳನ್ನು ಪೆಟ್ಟಿಗೆಗಳಲ್ಲಿಟ್ಟು ಸಾಕುವ ಹವ್ಯಾಸವು ನಮ್ಮಲ್ಲಿಯ ಪಾರಿವಾಳದ ಹವ್ಯಾಸದಂತೆ ಬೆಳೆದಿದೆ.

ಹಾವಿನ ಮರಿ ಮಾಡಿಸುವುದೆಂದರೆ ಗಂಡು ಹೆಣ್ಣುಗಳನ್ನು ಒಂದೆಡೆ ಕೂಡಿಹಾಕಿದರೆ ತೀರಿತೆಂದು ನಾನು ತಿಳಿದಿದ್ದೆನು. ಹಾಗಿಲ್ಲ. ಹೆಣ್ಣು ಪ್ರಾಯಕ್ಕೆ ಬಂದು ಮೈತುಂಬಿಕೊಂಡಿರಬೇಕು. ಎಳೆಯ ಹೆಣ್ಣಿಗೆ ತತ್ತಿಯು ಒಳಗೇ ಸಿಕ್ಕಿಕೊಂಡು ಪ್ರಾಣಕ್ಕೆರವಾಗುವುದುಂಟು. ಆದುದರಿಂದಲೇ ಅವನು ಮೂರು ವರುಷ ಕಾದಿದ್ದನು. ಇನ್ನು ಆ ಹಾವಿನ ಮೂಲದೇಶದಲ್ಲಿ ಚಳಿಗಾಲವು ಕಠಿಣ. ನೆಲದೊಳಗೆ ಜಡವಾಗಿ ಬಿದ್ದು ತಿಂಗಳುಗಟ್ಟಲೆ ಕಳೆಯುವ ಅದರ ದೇಹಕ್ಕೆ ಆ ತಂಪೇ ಮುಂದಿನ ಋತುವಿನ ಸೂಚನೆ. ಮನೆಯಲ್ಲಿಯೂ ಅದನ್ನು ಒದಗಿಸಬೇಕು. ಎರಡು ವಾರ ಆಹಾರ ನಿಲ್ಲಿಸಿ ಹೊಟ್ಟೆ ಬರಿದಾದ ಮೇಲೆ, ಸುಮಾರು ೧೦ರಿಂದ ೧೫ ಅಂಶ ಸೆಂಟಿಗ್ರೇಡ್ ಶೈತ್ಯದಲ್ಲಿ ಎರಡು ಮೂರು ತಿಂಗಳು ಕತ್ತಲೆಯಲ್ಲಿಡುವರು. ನೀರು ಮಾತ್ರ ತಪ್ಪದೆ ಇರಬೇಕು. ಹೊಟ್ಟೆಯಲ್ಲಿ ತಿಂದುದು ಉಳಿದಿದ್ದರೆ ಆ ತಂಪಿನಲ್ಲಿ ಅರಗದೆ ಕೊಳೆತು ಹಾವು ಸಾಯುವುದು.

ವಸಂತದಲ್ಲಿ ಮೆಲ್ಲನೆ ಬೆಚ್ಚಗೆ ಮಾಡಿ, ಹೆಣ್ಣಿಗೆ ಚೆನ್ನಾಗಿ ಉಣಿಸಿ, ಅದು ಪೊರೆ ಬಿಟ್ಟ ತರುವಾಯ ಗಂಡನ್ನು ಒಳಗೆ ಬಿಡುವರು. ಇಲ್ಲಿ ಒಂದು ದೊಡ್ಡ ಅಪಾಯವುಂಟು. ಹಾವನ್ನು ತಿನ್ನುವ ಹಾವಿಗೆ ಬಂದವನು ವರನೋ ಊಟವೋ ಎಂಬ ವಿವೇಕವು ಯಾವಾಗಲೂ ಇರುವುದಿಲ್ಲ! ಮೊದಲು ಎರಡಕ್ಕೂ ಹೊಟ್ಟೆ ತುಂಬ ಕೊಟ್ಟು, ಬಿಟ್ಟ ಮೇಲೆ ಕಣ್ಣು ತೆಗೆಯದೆ ನೋಡುತ್ತಿರಬೇಕು. ಅವನು ರಜೆಯ ದಿನಗಳಲ್ಲಿ ಮಾತ್ರ ಅವುಗಳನ್ನು ಕೂಡಿಸಿ, ಪಕ್ಕದಲ್ಲಿಯೇ ಕುರ್ಚಿ ಹಾಕಿಕೊಂಡು ಕುಳಿತಿರುತ್ತಿದ್ದನಂತೆ. ಮೇ ತಿಂಗಳಲ್ಲಿ ಹೆಣ್ಣು ಮತ್ತೊಮ್ಮೆ ಪೊರೆ ಬಿಟ್ಟಿತು. ತತ್ತಿಯಿಡುವ ಕಾಲ ಸಮೀಪಿಸಿತೆಂಬುದಕ್ಕೆ ಅದೇ ಗುರುತು. ಹಸಿ ಪಾಚಿಯನ್ನು ತುಂಬಿ ಇಟ್ಟಿದ್ದ ಡಬ್ಬಿಯೊಳಗೆ ಅದು ತಾನಾಗಿಯೇ ಸೇರಿಕೊಂಡು, ತಿಂಗಳ ಕೊನೆಗೆ ಒಂಬತ್ತು ತತ್ತಿಗಳನ್ನಿಟ್ಟಿತು.

ಅಂದಿನಿಂದ ಅವನ ಮಾತೆಲ್ಲ ತತ್ತಿಯದೇ. ತಾಯಿಯು ಕೇಳಲಿ ಬಿಡಲಿ, ಪ್ರತಿ ರವಿವಾರ ಆ ವರದಿಯನ್ನು ಒಪ್ಪಿಸುತ್ತಿದ್ದನು. ಕೋಳಿಯ ತತ್ತಿಯಂತೆ ಹಾವಿನ ತತ್ತಿಗೆ ಗಟ್ಟಿ ಚಿಪ್ಪಿಲ್ಲ. ಚರ್ಮದಂಥ ಮೆತ್ತನೆಯ ಸಿಪ್ಪೆಯಿದ್ದು, ಸುತ್ತಲಿನ ಪಸೆಯನ್ನು ಹೀರಿ ಉಬ್ಬುತ್ತ ಹೋಗುವುದು. ಕೋಳಿಯು ಕಾವಿಗೆ ಕುಳಿತಾಗ ತತ್ತಿಗಳನ್ನು ಮೇಲಿಂದ ಮೇಲೆ ಹೊರಳಿಸುವುದನ್ನು ಎಲ್ಲರೂ ಕಂಡಿದ್ದೇವೆ. ಹಾವಿನ ತತ್ತಿಯ ಧರ್ಮವು ಇದಕ್ಕೆ ತೀರ ವಿರುದ್ಧ. ಇಟ್ಟ ಸ್ವಲ್ಪ ಕಾಲದಲ್ಲಿಯೇ ಒಳಗಿನ ಪಿಂಡವು ಸಿಪ್ಪೆಯ ಮೇಲ್ಭಾಗಕ್ಕೆ ಒಳಗಿನಿಂದ ಅಂಟಿಕೊಳ್ಳುವುದು. ಆಮೇಲೆ ತತ್ತಿಯನ್ನು ತಲೆಕೆಳಗು ಮಾಡಿದರೆ ಪಿಂಡವು ಸಾಯಬಹುದು. ಅದಕ್ಕಾಗಿ ಪ್ರತಿಯೊಂದರ ನೆತ್ತಿಗೆ ಪೆನ್ಸಿಲಿನಿಂದ ಒಂದು ಗುರುತು ಮಾಡಿ, ಗುರುತು ಮೇಲೆಯೇ ಇರುವಂತೆ, ತುಸು ನೀರು ಬೆರೆಸಿದ ಹಗುರ ಖನಿಜದ ಪುಡಿಯಲ್ಲಿ ಅರ್ಧ ಹುಗಿದು, ಸುಮಾರು ೨೭-೨೮ ಅಂಶ ಶಾಖದಲ್ಲಿಡಬೇಕು. ನೀರು ಹೆಚ್ಚಾದರೆ ಬೂಷ್ಟು, ಕಡಿಮೆಯಾದರೆ ಸೊರಗು. ಉಳಿದುದೆಲ್ಲ ಕಾಯುವುದೇ: ಎರಡು ತಿಂಗಳು, ಅಲ್ಪಸ್ವಲ್ಪ ಹೆಚ್ಚು ಕಡಿಮೆ.

ವೈನಿಯವರು ಇದನ್ನೆಲ್ಲ ಬೇಡದ ಕಿವಿಯಿಂದಲೇ ಕೇಳುತ್ತಿದ್ದರು. ಆದರೆ ಕೇಳುತ್ತಿದ್ದರು.

ಇತ್ತ ಜೂನ್ ತಿಂಗಳ ಎರಡನೆಯ ವಾರದಲ್ಲಿ ಹೆಸರು ಬಿತ್ತುವ ಗಡಿಬಿಡಿ. ಗದಗ, ಶಿರಹಟ್ಟಿ, ಮುಂಡರಗಿ ಈ ಮೂರೂ ತಾಲೂಕುಗಳನ್ನು ತಾಗಿ ಮಲಗಿರುವ ಕಪ್ಪತಗುಡ್ಡವು ವಾಚಕರಿಗೆ ಪರಿಚಿತವೇ. ೨೦೧೯ರಲ್ಲಿ ಅದರ ೨೪೪ ಚದರ ಕಿಲೋಮೀಟರಿಗೂ ಮಿಕ್ಕ ಭಾಗವು ವನ್ಯಜೀವಿಧಾಮವೆಂದು ಘೋಷಿತವಾಯಿತು. ಆ ಗುಡ್ಡ ಕಾಣುವ ನಮ್ಮ ಹೊಲದಲ್ಲಿ ಹಿಂದಿನ ಸುಗ್ಗಿಯ ಕಣಿಕೆಯ ಬಣವೆಯೊಂದಿತ್ತು. ಎತ್ತುಗಳಿಗೆ ಮೇವು ಹಿರಿಯುತ್ತಿದ್ದ ಆಳುಮಗನು ಒಮ್ಮೆಲೆ ಕೂಗಿಕೊಂಡನು. ನಾವು ಓಡಿಹೋಗಿ ನೋಡುತ್ತೇವೆ: ಬಣವೆಯ ಬುಡದಲ್ಲಿ, ಕೊಳೆತು ಬೆಚ್ಚಗಾದ ಹೊಟ್ಟಿನ ನಡುವೆ, ಒಂದಕ್ಕೊಂದು ಅಂಟಿದ ಹತ್ತು ಹನ್ನೆರಡು ಬಿಳಿಯ ತತ್ತಿಗಳು. ಉದ್ದನ್ನ ಹಾವೊಂದು ಸರ್ರನೆ ಬೇಲಿಯೊಳಗೆ ನುಸುಳಿದುದನ್ನು ಅವನು ಕಂಡಿದ್ದನು. ಕೇರೆಯೋ ನಾಗರವೋ ಹೇಳಲಾರನು. ಕೇರೆಯೂ ತತ್ತಿಯಿಡುವುದು, ನಾಗರವೂ ಇಡುವುದು. ಎರಡರ ಕಾಲವೂ ಹೆಚ್ಚು ಕಡಿಮೆ ಅದೇ. ತತ್ತಿಯ ಮೇಲಿನಿಂದ ಜಾತಿಯನ್ನು ನಿಶ್ಚಯಿಸುವುದು ನಮ್ಮಂಥವರ ಕೆಲಸವಲ್ಲ. ನಾಗರದ ಮರಿಗೆ ಹುಟ್ಟುವಾಗಲೇ ವಿಷವಿರುವುದು.

ಆಳುಮಗನು ಸಲಿಕೆಯನ್ನೆತ್ತಿದನು. ಅವನ ಮಕ್ಕಳು ಅದೇ ಹೊಲದಲ್ಲಿ ಆಡುವವರು. ಅವನನ್ನು ತಪ್ಪೆನ್ನಲು ನನ್ನ ಬಾಯಿ ಬರಲಿಲ್ಲ. ಅಷ್ಟರಲ್ಲಿ ಬುತ್ತಿ ತಂದ ವೈನಿಯವರು ಅಲ್ಲಿಗೆ ಬಂದರು. ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು. ಬಳಿಕ ಅವರ ಬಾಯಿಂದ ಬಂದ ಮಾತು ನಾನೆಂದೂ ನಿರೀಕ್ಷಿಸದ್ದು.

“ತಡಿಯೋ ತಮ್ಮಾ, ಮುಟ್ಟಬ್ಯಾಡ. ಅವನ್ನ ಹೊಳ್ಳಿಸಿದರ ಒಳಗಿನ ಜೀವ ಹೋಗತೈತಿ.”

ಸಲಿಕೆ ಅಲ್ಲಿಯೇ ನಿಂತಿತು. ಹೊಟ್ಟನ್ನು ಇದ್ದಂತೆ ದೂರದಿಂದ ಮುಚ್ಚಿಸಿ ಅರಣ್ಯ ಇಲಾಖೆಗೆ ಫೋನ್ ಮಾಡಿದೆವು. ಬಂದವರು ನೋಡಿ, ತಾಯಿಯು ಅಲ್ಲಿಲ್ಲವೆಂದೂ, ತತ್ತಿಗಳನ್ನು ಕದಲಿಸದಿರುವುದೇ ಲೇಸೆಂದೂ ಹೇಳಿದರು. ಬಣವೆಯ ಸುತ್ತ ಜಾಲಿಯ ಮುಳ್ಳು ಹಾಕಿಸಿದೆವು. ಮಕ್ಕಳು, ದನ, ನಾಯಿ ಯಾವುದೂ ಆ ಕಡೆಗೆ ಸುಳಿಯದಂತೆ ಆಳುಮಗನಿಗೆ ಹೇಳಿ, ಅವನ ಗುಡಿಸಲಿನ ಮುಂದಿನ ಕಸವನ್ನೆಲ್ಲ ತೆಗೆಸಿ, ರಾತ್ರಿ ಹೊರಗೆ ಹೋಗುವಾಗ ಹಿಡಿಯಲೆಂದು ಒಂದು ಬ್ಯಾಟರಿಯನ್ನು ಕೊಡಿಸಿದೆವು. ಎತ್ತಿನ ಮೇವಿಗೆ ನೆರೆಹೊಲದವರಲ್ಲಿ ಕಣಿಕೆಯನ್ನು ಕೊಂಡದ್ದಾಯಿತು. ಅದು ತುಸು ಖರ್ಚಿನ ಮಾತೇ. ಆದರೆ ಒಂದು ಕೇರೆಯು ವರುಷದುದ್ದಕ್ಕೂ ಹೊಲದಲ್ಲಿ ನುಂಗುವ ಇಲಿಗಳ ಲೆಕ್ಕವನ್ನು ಹಿಡಿದರೆ ನಷ್ಟವಲ್ಲ.

ಕಾಯಿದೆಯ ಮಾತೂ ಒಂದುಂಟು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯೆಂಬ ಶಬ್ದದ ಅರ್ಥದಲ್ಲಿ ಕಾಡುಹಕ್ಕಿಗಳ ಹಾಗೂ ಸರೀಸೃಪಗಳ ತತ್ತಿಗಳನ್ನು ಒಡೆಯುವುದನ್ನೂ, ಗೂಡನ್ನು ಕೆದಕುವುದನ್ನೂ ಸೇರಿಸಿದೆ. ನಮ್ಮ ನಾಡಿನ ನಾಗರ, ಕೇರೆ, ಹೆಬ್ಬಾವುಗಳನ್ನು ಹಿಡಿದು ಮನೆಯಲ್ಲಿ ಸಾಕುವುದೂ ಅಪರಾಧವೇ. ಅಣ್ಣನ ಮಗನ ಹವ್ಯಾಸವನ್ನು ಕಂಡು ನಮ್ಮ ಮನೆಯ ಹುಡುಗರಿಬ್ಬರು, “ನಾವೂ ಆ ಒಂದು ತತ್ತಿ ತರೋಣು,” ಎಂದು ಪಿಸುಗುಟ್ಟಿದ್ದರು. ಅವರಿಗೆ ಇದನ್ನು ತಿಳಿಸಿ ಹೇಳಬೇಕಾಯಿತು. ಹಾವು ನೋಡಬೇಕೆಂಬ ಮಕ್ಕಳನ್ನು ಗದಗಿನ ಹತ್ತಿರ ಬಿಂಕದಕಟ್ಟಿಯಲ್ಲಿರುವ ಮೃಗಾಲಯಕ್ಕೆ ಕರೆದೊಯ್ಯುವುದು ಒಳ್ಳೆಯದು.

ಹಾವಿಗೆ ತಾಯ್ತನವಿಲ್ಲವೆಂದು ಜನರು ಹೇಳುವರು. ಕಿಂಗ್‌ಸ್ನೇಕ್ ಮೊದಲಾದವು ತತ್ತಿಯಿಟ್ಟು ಹೊರಟುಹೋಗುವವೆಂಬುದು ನಿಜವೇ. ಕೊಳಕುಮಂಡಲವಂತೂ ತತ್ತಿಯನ್ನೇ ಇಡದೆ ಜೀವಂತ ಮರಿಗಳನ್ನು ಹೆರುವುದು. ಆದರೆ ನಮ್ಮ ಪಶ್ಚಿಮಘಟ್ಟದ ಕಾಳಿಂಗನ ಹೆಣ್ಣು ಮಾಡುವ ಕೆಲಸವನ್ನು ಕೇಳಿದರೆ ಆಶ್ಚರ್ಯವಾಗುವುದು. ಕೈಕಾಲಿಲ್ಲದ ಆ ಜೀವಿಯು ಮೈಯ ಸುರುಳಿಯಿಂದಲೇ ಒಣಗಿದೆಲೆಗಳನ್ನು ಎಳೆದು ಕೂಡಿಸಿ ಗೂಡು ಕಟ್ಟುವುದು. ಹಾವುಗಳಲ್ಲಿ ಹೀಗೆ ಗೂಡು ಕಟ್ಟುವುದು ಅದೊಂದೇ. ಎಲೆಗಳು ಕೊಳೆಯುವಾಗ ಹುಟ್ಟುವ ಶಾಖದಲ್ಲಿ ತತ್ತಿಗಳಿಗೆ ಕಾವು ದೊರೆಯುವುದು. ಮುಂಗಾರಿನ ಜಡಿಮಳೆಯಲ್ಲಿಯೂ ಒಳಗೆ ನೀರು ಇಳಿಯದು. ತಾಯಿಯು ಗೂಡಿನ ಮೇಲೆ ವಾರಗಟ್ಟಲೆ ಕಾವಲಿದ್ದು, ಮರಿಗಳು ಹೊರಬರುವುದಕ್ಕೆ ಮೊದಲೇ ಅಲ್ಲಿಂದ ಹೊರಟುಹೋಗುವುದು. ಹಾವನ್ನೇ ತಿನ್ನುವ ತನಗೆ ತನ್ನ ಮರಿಗಳೂ ಆಹಾರವಾಗಿ ಕಂಡಾವೆಂದು ಪ್ರಕೃತಿಯೇ ಅದನ್ನು ದೂರ ಕಳಿಸುವಂತೆ ತೋರುವುದು. ೨೦೦೫ರಲ್ಲಿ ರಾಮ್ಯುಲಸ್ ವಿಟೇಕರ್ ಅವರು ಆಗುಂಬೆಯಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನ ಕೇಂದ್ರದಿಂದ ಈ ಹಾವಿನ ಜೀವನಕ್ರಮವು ಬಹಳಷ್ಟು ಬೆಳಕಿಗೆ ಬಂದಿತು. ಮಂಗಳೂರಿನ ಪಿಲಿಕುಳದ ಜೈವಿಕ ಉದ್ಯಾನದಲ್ಲಿ ಅದರ ಸಂತಾನವನ್ನು ಬೆಳೆಸಿದ್ದಾರೆ. ೨೦೨೪ರಲ್ಲಿ ಶಾಸ್ತ್ರಜ್ಞರು ಪಶ್ಚಿಮಘಟ್ಟದ ಕಾಳಿಂಗವು ಬೇರೆಯೇ ಜಾತಿಯೆಂದು ನಿರ್ಣಯಿಸಿ, ಕನ್ನಡದ ಹೆಸರನ್ನೇ ಆಧರಿಸಿ ‘ಓಫಿಯೋಫೇಗಸ್ ಕಾಳಿಂಗ’ ಎಂದು ನಾಮಕರಣ ಮಾಡಿದರು.

ಈ ಕಥೆಯನ್ನು ವೈನಿಯವರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಕ್ಕಳ ಮಾರಿ ನೋಡದs ಹೋಗೂದಂದ್ರ ಅದೂ ಒಂದು ತಪಸ್ಸs,” ಎಂದರು. ಮೊಮ್ಮಗಳ ಭಾವಚಿತ್ರವು ಅವರ ಕೈಯಲ್ಲಿಯೇ ಇದ್ದಿತು.

ಪಂಚಮಿಯ ಹಿಂದಿನ ದಿನ ಟೆಕ್ಸಾಸಿನಿಂದ ಕರೆ ಬಂದಿತು. ಒಂಬತ್ತರಲ್ಲಿ ಒಂದು ತತ್ತಿಯು ಮೊದಲ ವಾರದಲ್ಲಿಯೇ ಹಳದಿಗಟ್ಟಿ ಕುಗ್ಗಿತ್ತು; ಇನ್ನೊಂದು ಕೊನೆಯವರೆಗೆ ಚೆನ್ನಾಗಿದ್ದು ತೆರೆಯಲೇ ಇಲ್ಲ. ಉಳಿದ ಏಳರಲ್ಲಿ ಸಿಪ್ಪೆಗೆ ಸೀಳು ಬಿದ್ದಿತ್ತು. ಮರಿಯ ಮೂತಿಯಲ್ಲಿ ಹುಟ್ಟುವಾಗ ಒಂದು ಸಣ್ಣ ಹಲ್ಲಿದ್ದು, ಸಿಪ್ಪೆಯನ್ನು ಸೀಳಿದ ಬಳಿಕ ಅದು ಉದುರಿಹೋಗುವುದು. ತಲೆಯನ್ನಷ್ಟೇ ಹೊರಗೆ ಚಾಚಿ ಒಂದೆರಡು ದಿನ ಒಳಗೇ ಕುಳಿತು, ಉಳಿದ ಭಂಡಾರವನ್ನೆಲ್ಲ ಹೊಟ್ಟೆಗೆ ಎಳೆದುಕೊಂಡು ಆಮೇಲೆ ಅದು ಹೊರಬರುವುದು. ಅವಸರಪಟ್ಟು ಅದನ್ನು ಎಳೆಯಬಾರದು. ಮೊಬೈಲಿನ ಪರದೆಯಲ್ಲಿ ಆ ಪುಟ್ಟ ತಲೆಗಳನ್ನು ನೋಡಿದ ವೈನಿಯವರು ಕೇಳಿದ ಮೊದಲ ಪ್ರಶ್ನೆ: “ಅವಕ್ಕ ಹಾಲು ಏನ ಕೊಡತೀಯೋ?”

ಹಾವು ಹಾಲು ಕುಡಿಯುವ ಪ್ರಾಣಿಯಲ್ಲವೆಂಬುದನ್ನು ಅವನು ನಗುತ್ತ ತಿಳಿಸಿದನು. ವಾರ ಹತ್ತು ದಿನಗಳಲ್ಲಿ ಮೊದಲ ಪೊರೆ ಬಿಟ್ಟ ಮೇಲೆ, ಕೂದಲು ಮೂಡದ ಇಲಿಮರಿಯೇ ಅವುಗಳ ಮೊದಲ ತುತ್ತು. ಒಂದನ್ನೊಂದು ತಿನ್ನದಂತೆ ಏಳಕ್ಕೂ ಏಳು ಡಬ್ಬಿ. ಮಗುವಿನ ಮಾತನ್ನು ತಾಯಿಯು ಮರೆತಿರಲಿಲ್ಲ. ಸರೀಸೃಪಗಳ ಮೈಮೇಲೆ ಹೊಟ್ಟೆಬೇನೆ, ಜ್ವರಗಳನ್ನು ತರುವ ಸಾಲ್ಮೊನೆಲ್ಲಾ ಎಂಬ ಸೂಕ್ಷ್ಮಜೀವಿಗಳಿರುವವು. ಆದುದರಿಂದ ಐದು ವರುಷದೊಳಗಿನ ಕೂಸುಗಳನ್ನು ಅವುಗಳ ಹತ್ತಿರ ಬಿಡಲಾಗದು. ಮುಟ್ಟಿದವರು ಸಾಬೂನಿನಿಂದ ಕೈತೊಳೆಯದೆ ಅಡಿಗೆಮನೆಗೆ ಬರಬಾರದು. ಈ ವಿಷಯದಲ್ಲಿ ತಾನು ಕಟ್ಟುನಿಟ್ಟಾಗಿರುವೆನೆಂದು ಮಗನು ಮಾತುಕೊಟ್ಟನು.

ಆದರೆ ಸಂತೋಷದ ಆ ವಾರದಲ್ಲಿಯೇ ಅವನ ಧ್ವನಿಯಲ್ಲಿ ಚಿಂತೆಯೂ ಇದ್ದಿತು. ಏಳು ಜೀವಗಳು, ಚೆನ್ನಾಗಿ ಸಾಕಿದರೆ ಒಂದೊಂದೂ ಇಪ್ಪತ್ತು ವರುಷ ಬದುಕಬಲ್ಲದು. ಯಾರಿಗೆ ಕೊಡುವುದು? ಬೇಸರವಾದವರು ಹೊರಗೆ ಬಿಟ್ಟರೆ? ಸ್ಪೇನ್ ದೇಶಕ್ಕೆ ಸೇರಿದ ಗ್ರಾನ್ ಕನೇರಿಯಾ ದ್ವೀಪದಲ್ಲಿ ಇದೇ ಕ್ಯಾಲಿಫೋರ್ನಿಯಾ ತಳಿಯ ಸಾಕಿದ ಹಾವುಗಳು ಹೊರಗೆ ಸೇರಿ, ೧೯೯೦ರ ದಶಕದ ಕೊನೆಯಿಂದ ಕಾಡಿನಲ್ಲಿ ಹಬ್ಬಿಕೊಂಡಿವೆ. ಹಾವನ್ನೇ ಕಂಡರಿಯದ ಆ ದ್ವೀಪದ ದೊಡ್ಡ ಓತಿಗಳು ಅವುಗಳ ಬಾಯಿಗೆ ಸಿಕ್ಕಿ, ಹಾವು ನೆಲೆಸಿದ ಕಡೆಗಳಲ್ಲಿ ಬಹುಮಟ್ಟಿಗೆ ಇಲ್ಲದಂತಾಗಿವೆ. ತನ್ನ ನೆಲದಲ್ಲಿ ಇಲಿಗಳನ್ನು ಹದ್ದಿನಲ್ಲಿಡುವ ಜೀವಿಯೇ ಪರನೆಲದಲ್ಲಿ ಮಾರಿಯಾಗಬಲ್ಲದು. ಆದುದರಿಂದ ಅವನು ಬಲ್ಲವರಾದ ಸಾಕುವವರನ್ನೇ ಹುಡುಕಿ ಐದು ಮರಿಗಳನ್ನು ಕೊಟ್ಟು, ಎರಡನ್ನು ತಾನೇ ಇಟ್ಟುಕೊಂಡು, ಇನ್ನು ಮುಂದೆ ಆ ಜೋಡಿಯನ್ನು ಕೂಡಿಸುವುದಿಲ್ಲವೆಂದು ನಿಶ್ಚಯಿಸಿದನು. “ಹುಟ್ಟಸೂದು ಸರಳ ಐತಿ ಕಾಕಾ, ಹುಟ್ಟಿದ ಮ್ಯಾಲೆ ಅದರ ಹೊಣಿ ತೀರೂದಿಲ್ಲ,” ಎಂದನು. ಇದು ಹಾವಿಗಷ್ಟೇ ಸಲ್ಲುವ ಮಾತಲ್ಲ.

ಆಗಸ್ಟ್ ತಿಂಗಳ ಕೊನೆಗೆ ಉದ್ದನೆಯ ಗಳುವಿನಿಂದ ಬಣವೆಯ ಬುಡವನ್ನು ಮೆಲ್ಲನೆ ಬಿಡಿಸಿ ನೋಡಿದೆವು. ಸೀಳುಬಿದ್ದ ಒಣಸಿಪ್ಪೆಗಳು ಮಾತ್ರ ಅಲ್ಲಿ ಬಿದ್ದಿದ್ದವು. ಒಳಗಿದ್ದವರು ಕೇರೆಯ ಮಕ್ಕಳೋ ನಾಗರನ ಮಕ್ಕಳೋ ನಮಗೆ ತಿಳಿಯದು. ಯಾರಿಗೂ ಏನೂ ಆಗಲಿಲ್ಲ. ಅಕಸ್ಮಾತ್ ಯಾರನ್ನಾದರೂ ಹಾವು ಕಚ್ಚಿದ್ದರೆ ಮಾಡಬೇಕಾದುದನ್ನು ನಾವು ಆಳುಮಗನ ಮನೆಯವರಿಗೆ ಮೊದಲೇ ಹೇಳಿಕೊಟ್ಟಿದ್ದೆವು. ವಾಚಕರೂ ನೆನಪಿಡಲಿ: ಕಚ್ಚಿದ ಜಾಗವನ್ನು ಕೊಯ್ಯಬಾರದು, ಚೀಪಬಾರದು, ಬಿಗಿಯಾಗಿ ಕಟ್ಟಬಾರದು. ಆ ಅಂಗವನ್ನು ಅಲುಗಿಸದೆ, ಮಂತ್ರತಂತ್ರಗಳಲ್ಲಿ ಹೊತ್ತು ಕಳೆಯದೆ, ನೆಟ್ಟಗೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಅಲ್ಲಿ ಒಂದೇ ಮದ್ದುಂಟು.

ಇಬ್ಬರು ಕಾವಲುಗಾರರ ಕೆಲಸವನ್ನು ಹೋಲಿಸಿ ನೋಡಿದರೆ ನಮ್ಮ ಭಾಗವೇ ಸುಲಭದ್ದು. ಅವನು ಶಾಖವನ್ನಳೆದು, ಪಸೆಯನ್ನಳೆದು, ಊಟವನ್ನು ಒದಗಿಸಿ, ಏಳು ಮರಿಗಳಿಗೆ ಏಳು ಮನೆ ಹುಡುಕಬೇಕಾಯಿತು. ನಾವು ಮಾಡಬೇಕಾದುದು, ದೂರವಿದ್ದು ಎರಡು ತಿಂಗಳು ತಾಳುವುದಷ್ಟೇ. ಉಳಿದುದನ್ನು ಕಣಿಕೆ, ಮಳೆ, ಮಣ್ಣುಗಳೇ ನೋಡಿಕೊಂಡವು.

ಆ ಪಂಚಮಿಯಂದು ವೈನಿಯವರು ಎಂದಿನಂತೆ ಎಲ್ಲರ ಪಾಲನ್ನೂ ಎರೆದು, ಕೊನೆಗೆ ಒಂದು ಚಮಚೆ ಹೆಚ್ಚಿಗೆ ಎರೆದರು. ಯಾರ ಪಾಲೆಂದು ನಾನು ಕೇಳಲಿಲ್ಲ. ಈ ವರುಷ ಅವರು ಮೊಮ್ಮಗಳನ್ನು ಕಾಣಲು ಹೊರಟಿದ್ದಾರೆ. ಹಾವಿನ ಕೋಣೆಗೆ ಬೀಗವಿರಬೇಕು, ಬೀಗದ ಕೈ ತಮ್ಮ ಸೆರಗಿನ ಗಂಟಿನಲ್ಲಿಯೇ ಇರಬೇಕೆಂಬುದು ಅವರ ಒಂದೇ ಕರಾರು.